ಕ್ರೇಗ್‌ಲಾಕ್‌ಹಾರ್ಟ್: ಮಹಾಯುದ್ಧದ ಮನೋಗಾಯ ಮತ್ತು ಅದರ ಸಾಕ್ಷಿಗಳು

ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ನೈಋತ್ಯ ಅಂಚಿನಲ್ಲಿ, ಗುಡ್ಡವೊಂದರ ಇಳಿಜಾರಿನಲ್ಲಿ ನಿಂತಿರುವ ಕ್ರೇಗ್‌ಲಾಕ್‌ಹಾರ್ಟ್ ಎಂಬ ಭಾರಿ ಕಲ್ಲಿನ ಕಟ್ಟಡವು 1880ರಲ್ಲಿ ಜಲಚಿಕಿತ್ಸಾಲಯವಾಗಿ ಆರಂಭವಾಯಿತು. ತಣ್ಣೀರಿನ ಸ್ನಾನ, ಒದ್ದೆಬಟ್ಟೆಯ ಸುತ್ತು, ಬೆಟ್ಟದ ಗಾಳಿ ಮತ್ತು ಹಿತಮಿತ ಆಹಾರಗಳಿಂದ ದಣಿದ ನರಗಳು ಚೇತರಿಸಿಕೊಳ್ಳುತ್ತವೆ ಎಂಬ ನಂಬಿಕೆ ವಿಕ್ಟೋರಿಯಾ ರಾಣಿಯ ಕಾಲದ ಉಳ್ಳವರಲ್ಲಿ ಬಲವಾಗಿದ್ದುದರಿಂದ ಇಂಥ ಚಿಕಿತ್ಸಾಲಯಗಳು ಬ್ರಿಟನ್ನಿನ ಹಲವೆಡೆ ತಲೆಯೆತ್ತಿದ್ದವು, ಕಾಲಕ್ರಮದಲ್ಲಿ ಹೆಚ್ಚಿನವು ಸೊರಗಿಯೂ ಹೋದವು. ಈ ಕಟ್ಟಡಕ್ಕೆ ಇತಿಹಾಸದಲ್ಲಿ ಸ್ಥಾನ ಸಿಕ್ಕಿದ್ದು 1916ರ ಅಕ್ಟೋಬರ್‌ನಲ್ಲಿ, ಬ್ರಿಟನ್ನಿನ ಯುದ್ಧ ಇಲಾಖೆಯು ಅದನ್ನು ವಹಿಸಿಕೊಂಡು, ಯುದ್ಧರಂಗದಲ್ಲಿ ಮನಸ್ಸು ಕದಡಿದ ಸೇನಾಧಿಕಾರಿಗಳ ಆಸ್ಪತ್ರೆಯನ್ನಾಗಿ ಮಾರ್ಪಡಿಸಿದಾಗ. 1919ರ ಆರಂಭದಲ್ಲಿ ಮುಚ್ಚುವ ವೇಳೆಗೆ 1,700ಕ್ಕೂ ಹೆಚ್ಚು ಅಧಿಕಾರಿಗಳು ಅಲ್ಲಿ ಚಿಕಿತ್ಸೆ ಪಡೆದಿದ್ದರು, ಮತ್ತು ಅವರಲ್ಲಿ ಇಬ್ಬರು, ಸೀಗ್‌ಫ್ರೀಡ್ ಸಸೂನ್ ಹಾಗೂ ವಿಲ್ಫ್ರೆಡ್ ಓವೆನ್, ಇಂಗ್ಲಿಷ್ ಯುದ್ಧಕಾವ್ಯದ ಅತಿ ಪರಿಚಿತ ಹೆಸರುಗಳಾದರು. ಮನಸ್ಸಿನ ಆಘಾತ ಮತ್ತು ಸಾಹಿತ್ಯದ ಸಂಬಂಧವನ್ನು ಕುರಿತ ಚರ್ಚೆಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ಈ ಆಸ್ಪತ್ರೆಯ ಹೊಸ್ತಿಲಿಗೆ ಬಂದು ನಿಲ್ಲುವುದು ಇದರಿಂದಾಗಿಯೇ. ಆದರೆ ಕ್ರೇಗ್‌ಲಾಕ್‌ಹಾರ್ಟ್‌ನ ಖ್ಯಾತಿಯ ಹಿಂದೆ ಒಂದು ಸರಳ ಸಂಗತಿ ಮರೆಯಾಗಿದೆ: ಅಲ್ಲಿ ಸಾಮಾನ್ಯ ಸಿಪಾಯಿಗೆ ಪ್ರವೇಶವಿರಲಿಲ್ಲ. ಯುದ್ಧ ಮನುಷ್ಯನ ಮನಸ್ಸಿಗೆ ಏನು ಮಾಡಿತು ಎಂಬುದರ ಬಗ್ಗೆ ನಂತರದ ತಲೆಮಾರುಗಳು ತಿಳಿದುಕೊಂಡದ್ದರ ಬಹುಭಾಗ, ಯಾರನ್ನು ಕೂರಿಸಿಕೊಂಡು ಕೇಳಲಾಯಿತೋ ಅವರ ಬಾಯಿಂದ ಬಂದದ್ದು.

ಗಾಯ ಕಾಣದ ನೋವಿನ ಪ್ರಶ್ನೆ ಯುದ್ಧಕ್ಕಿಂತ ಅರ್ಧ ಶತಮಾನ ಮೊದಲೇ ರೈಲು ಹಳಿಗಳ ಮೇಲೆ ಎದ್ದಿತ್ತು. ಅಪಘಾತಕ್ಕೊಳಗಾದ ರೈಲಿನಿಂದ ಮೈಮೇಲೆ ಗೀರೂ ಇಲ್ಲದೆ ಹೊರಬಂದ ಪ್ರಯಾಣಿಕರು ಕೆಲ ದಿನಗಳ ನಂತರ ನಿದ್ದೆಗೆಟ್ಟು, ಕೈಕಾಲು ನಡುಗಿ, ಜ್ಞಾಪಕ ಮಸುಕಾಗಿ ಕುಸಿಯುವುದನ್ನು ಕಂಡ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸನ್, 1866ರಲ್ಲಿ ಪ್ರಕಟಿಸಿದ ತನ್ನ ಉಪನ್ಯಾಸಗಳಲ್ಲಿ, ಅಪಘಾತದ ಕುಲುಕಾಟದಿಂದ ಬೆನ್ನುಹುರಿಗೆ ಕಣ್ಣಿಗೆ ಕಾಣದ ಪೆಟ್ಟು ಬಿದ್ದಿರಬೇಕೆಂದು ವಾದಿಸಿದ. ಜನ ಇದನ್ನು ರೈಲ್ವೆ ಬೆನ್ನು ಎಂದು ಕರೆದರು. ಪರಿಹಾರಕ್ಕಾಗಿ ರೈಲ್ವೆ ಕಂಪನಿಗಳ ಮೇಲೆ ದಾವೆ ಹೂಡಿದವರಿಗೆ ಈ ಸಿದ್ಧಾಂತ ಅನುಕೂಲವಾಗಿತ್ತು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಶಸ್ತ್ರವೈದ್ಯ ಇದನ್ನು ಅಲ್ಲಗಳೆದು, ಬೆನ್ನುಹುರಿಗೆ ಏನೂ ಆಗಿಲ್ಲ, ಭಯವೊಂದೇ ಇಷ್ಟನ್ನೂ ಮಾಡಬಲ್ಲದು ಎಂದ. ಈತ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಎಂಬುದನ್ನು ಗಮನಿಸಬೇಕು. ಮುಂದಿನ ಶತಮಾನದ ಮನೋವಿಜ್ಞಾನ ಒಪ್ಪಿಕೊಳ್ಳಲಿದ್ದ ಒಳನೋಟವೊಂದು ಪರಿಹಾರದ ಹಣ ಉಳಿಸುವ ವಾದವಾಗಿ ಹುಟ್ಟಿದ್ದು ವಿಚಿತ್ರವಾದರೂ, ಈ ವಿಷಯದ ಇತಿಹಾಸದಲ್ಲಿ ಅಪರೂಪವೇನಲ್ಲ. ರೋಗದ ಕಾರಣವನ್ನು ನಿರ್ಣಯಿಸುವ ಮೇಜಿನ ಇನ್ನೊಂದು ಬದಿಯಲ್ಲಿ ಯಾವಾಗಲೂ ಹಣ ಕೊಡಬೇಕಾದವರು ಕುಳಿತಿರುತ್ತಾರೆ.

ಆ ಕಾಲದ ಅತಿ ಪ್ರಸಿದ್ಧ ರೋಗಿಯೆಂದರೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. 1865ರ ಜೂನ್ 9ರಂದು ಕೆಂಟ್ ಪ್ರಾಂತ್ಯದ ಸ್ಟೇಪಲ್‌ಹರ್ಸ್ಟ್ ಬಳಿ, ದುರಸ್ತಿಗಾಗಿ ಹಳಿ ಕಿತ್ತಿದ್ದ ಸೇತುವೆಯ ಮೇಲೆ ರೈಲು ನುಗ್ಗಿ ಹತ್ತು ಮಂದಿ ಸತ್ತಾಗ, ಅವನಿದ್ದ ಗಾಡಿ ಕೆಳಗೆ ಬೀಳದೆ ಅಂಚಿನಲ್ಲಿ ನೇತಾಡಿತು. ಅವನು ಹೊರಬಂದು ಗಾಯಾಳುಗಳ ನೆರವಿಗೆ ನಿಂತು, ಬಳಿಕ ಅದೇ ಗಾಡಿಗೆ ಮತ್ತೆ ಹತ್ತಿ, ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯನ್ನು ತಂದ. ಕುಸಿದದ್ದು ಆಮೇಲೆ: ದನಿ ಕೆಲಕಾಲ ಉಡುಗಿತು, ಕೈ ನಡುಗಿ ಕಾಗದ ಬರೆಯಲಾಗಲಿಲ್ಲ, ರೈಲಿನ ವೇಗ ಹೆಚ್ಚಿದರೆ ಕಾರಣವಿಲ್ಲದೆ ಭಯ ಅಪ್ಪಳಿಸತೊಡಗಿತು. ಮರುವರ್ಷ ಅವನು ಬರೆದ ‘ದಿ ಸಿಗ್ನಲ್-ಮ್ಯಾನ್’ ಎಂಬ ಕಥೆಯಲ್ಲಿ ಸುರಂಗದ ಬಾಯಲ್ಲಿ ಕೆಲಸ ಮಾಡುವ ರೈಲ್ವೆ ನೌಕರನೊಬ್ಬನಿಗೆ ಪ್ರತಿ ದುರಂತದ ಮುನ್ನ ಒಂದೇ ಆಕೃತಿ, ಒಂದೇ ಸನ್ನೆಯೊಡನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ, ಎಚ್ಚರಿಕೆ ಅರ್ಥವಾಗುವುದಿಲ್ಲ, ಅರ್ಥವಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮುಗಿದುಹೋದ ಘಟನೆ ಮುಗಿಯದೆ ಮರುಕಳಿಸುವ ಈ ರಚನೆಯನ್ನು ವೈದ್ಯಶಾಸ್ತ್ರ ಹೆಸರಿಸುವ ಮುನ್ನವೇ ಭೂತದ ಕಥೆಯೊಂದು ಹಿಡಿದಿಟ್ಟಿತ್ತು. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಅಪಘಾತದ ದಿನವಾದ ಜೂನ್ 9ರಂದೇ.

ಮುಂದಿನ ಮೂರು ದಶಕಗಳಲ್ಲಿ ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಝಾಂ-ಮಾರ್ತ್ಯಾಂ ಶಾರ್ಕೊ, ಬರ್ಲಿನ್‌ನಲ್ಲಿ ಹರ್ಮನ್ ಓಪನ್‌ಹೈಮ್, ವಿಯೆನ್ನಾದಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಈ ಪ್ರಶ್ನೆಯನ್ನು ಬೇರೆ ಬೇರೆ ದಿಕ್ಕಿನಿಂದ ಕೆದಕಿದರು. ದೇಹದ ಗಾಯಕ್ಕೆ ಬಳಕೆಯಾಗುತ್ತಿದ್ದ ಆಘಾತ ಎಂಬ ಪರಿಭಾಷೆ ಮನಸ್ಸಿಗೂ ಸಲ್ಲತೊಡಗಿದ್ದು ಈ ಅವಧಿಯಲ್ಲಿ. ಆದರೆ ಹಿಸ್ಟೀರಿಯಾ, ಅಂದರೆ ಅಂಗದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಕಣ್ಣು ಕಾಣದಿರುವುದು, ಕಾಲು ಏಳದಿರುವುದು, ಮಾತು ನಿಲ್ಲುವುದು ಮೊದಲಾದ ಲಕ್ಷಣಗಳ ಗುಂಪು, ಹೆಂಗಸರ ಕಾಯಿಲೆಯೆಂಬ ಹಣೆಪಟ್ಟಿಯನ್ನು ಕಳೆದುಕೊಂಡಿರಲಿಲ್ಲ. ಗಂಡಸರಲ್ಲೂ ಅದು ಉಂಟಾಗುತ್ತದೆಂದು ಶಾರ್ಕೊ ತೋರಿಸಿದ್ದರೂ, ಬ್ರಿಟನ್ನಿನ ಸೇನಾ ವೈದ್ಯರು ಅದನ್ನು ನಂಬಲು ಸಿದ್ಧರಿರಲಿಲ್ಲ, ಮತ್ತು ಅವರ ಈ ಹಿಂಜರಿಕೆಗೆ ಮುಂದೆ ಸಾವಿರಾರು ಮಂದಿ ಬೆಲೆ ತೆತ್ತರು.

1914ರ ಕೊನೆಯ ಹೊತ್ತಿಗೆ ಫ್ರಾನ್ಸಿನ ಕಂದಕಗಳಿಂದ ಇಂಥ ಗಂಡಸರೇ ಹಿಂದಕ್ಕೆ ಬರತೊಡಗಿದರು. ಕೇಂಬ್ರಿಜ್‌ನ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ 1915ರ ಫೆಬ್ರವರಿಯಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಮೂವರು ಸೈನಿಕರ ವಿವರ ನೀಡಿದ. ತೀರಾ ಸಮೀಪದಲ್ಲಿ ಷೆಲ್ ಸಿಡಿದ ನಂತರ ಅವರ ದೃಷ್ಟಿ, ವಾಸನೆ, ರುಚಿ ಮತ್ತು ಜ್ಞಾಪಕಶಕ್ತಿಗಳು ಕುಂದಿದ್ದವು, ಕಿವಿ ಮಾತ್ರ ಬಹುತೇಕ ಸರಿಯಾಗಿತ್ತು. ಲೇಖನದ ಶೀರ್ಷಿಕೆಯಲ್ಲಿದ್ದ ಷೆಲ್ ಶಾಕ್ ಎಂಬ ಪದ ಮೈಯರ್ಸ್‌ನ ಸೃಷ್ಟಿಯಲ್ಲ, ಸೈನಿಕರ ಬಾಯಲ್ಲಿ ಆಗಲೇ ಇದ್ದದ್ದು. ವೈದ್ಯಪತ್ರಿಕೆಯ ಮುದ್ರೆ ಬಿದ್ದ ಮೇಲೆ ಅದು ದೇಶವೆಲ್ಲ ಹಬ್ಬಿತು. ಲಂಡನ್ನಿನ ಫ್ರೆಡರಿಕ್ ಮಾಟ್, ಸ್ಫೋಟದ ಒತ್ತಡದಿಂದಲೋ ವಿಷಾನಿಲದಿಂದಲೋ ಮಿದುಳಿನಲ್ಲಿ ಸೂಕ್ಷ್ಮ ರಕ್ತಸ್ರಾವವಾಗುತ್ತದೆ ಎಂದು ಹುಡುಕುತ್ತಿದ್ದಾಗ, ಷೆಲ್ಲಿನ ಹತ್ತಿರಕ್ಕೂ ಸುಳಿಯದಿದ್ದವರಲ್ಲಿ ಅವೇ ಲಕ್ಷಣಗಳು ಕಾಣಿಸಿಕೊಂಡವು. ಮೈಯರ್ಸ್ ಬೇಗನೆ ತನ್ನ ಮಾತನ್ನು ತಿದ್ದಿಕೊಂಡು, ಹೆಚ್ಚಿನ ಪ್ರಕರಣಗಳ ಮೂಲ ಮನಸ್ಸಿನಲ್ಲಿದೆ ಎಂದ. ಅಷ್ಟರಲ್ಲಿ ವಿಷಯ ವೈದ್ಯರ ಕೈ ಮೀರಿ ಸೇನಾಕಚೇರಿಗೆ ಹೋಗಿತ್ತು.

ಕಚೇರಿಯ ದೃಷ್ಟಿಯಲ್ಲಿ ಇದು ಸರಳವಾದ ಲೆಕ್ಕಾಚಾರ. ಶತ್ರುವಿನ ಷೆಲ್ಲಿನಿಂದ ನೇರವಾಗಿ ಆದದ್ದಾದರೆ ಅದು ಗಾಯ, ಸೈನಿಕನಿಗೆ ತೋಳಿನ ಮೇಲೆ ಗಾಯದ ಪಟ್ಟಿಯೂ ಪಿಂಚಣಿಯ ಹಕ್ಕೂ ಸಿಗುತ್ತವೆ. ಇಲ್ಲವಾದರೆ ಅದು ಕಾಯಿಲೆ, ಮರ್ಯಾದೆಯೂ ಇಲ್ಲ, ಹಕ್ಕೂ ಇಲ್ಲ. ದಾಖಲೆಯಲ್ಲಿ ಮೊದಲಿನದಕ್ಕೆ ಡಬ್ಲ್ಯೂ ಎಂಬ ಅಕ್ಷರವನ್ನೂ ಎರಡನೆಯದಕ್ಕೆ ಎಸ್ ಎಂಬ ಅಕ್ಷರವನ್ನೂ ಸೇರಿಸಲಾಗುತ್ತಿತ್ತು. 1916ರ ಬೇಸಗೆಯಲ್ಲಿ ಸೋಮ್ ನದಿಯ ಕದನ ಶುರುವಾದ ಮೇಲೆ ಇಂಥ ರೋಗಿಗಳ ಸಂಖ್ಯೆ ಆಸ್ಪತ್ರೆಗಳನ್ನು ಮುಳುಗಿಸುವಷ್ಟಾದಾಗ, 1917ರಲ್ಲಿ ಸೇನೆಯು ಷೆಲ್ ಶಾಕ್ ಎಂಬ ಪದವನ್ನು ಮುಂಚೂಣಿಯ ವೈದ್ಯರು ಬಳಸಕೂಡದೆಂದು ಆಜ್ಞೆ ಹೊರಡಿಸಿ, ‘ನರಸಂಬಂಧಿ, ಇನ್ನೂ ನಿರ್ಣಯವಾಗಿಲ್ಲ’ ಎಂದು ಬರೆಯಲು ಸೂಚಿಸಿತು. ಯುದ್ಧ ಮುಗಿಯುವ ವೇಳೆಗೆ ಬ್ರಿಟಿಷ್ ಸೇನೆಯಲ್ಲಿ ದಾಖಲಾದ ಇಂಥ ಪ್ರಕರಣಗಳನ್ನು ಸಾಮಾನ್ಯವಾಗಿ 80,000ದಷ್ಟು ಎಂದು ಹೇಳಲಾಗುತ್ತದೆ. ಪದವನ್ನೇ ನಿಷೇಧಿಸಿದ ಕಚೇರಿಯ ಎಣಿಕೆ ಎಷ್ಟರಮಟ್ಟಿಗೆ ನಿಜಕ್ಕೆ ಹತ್ತಿರ ಎಂಬ ಅನುಮಾನವನ್ನು ಈ ಅಂಕಿಯ ಜೊತೆಯಲ್ಲೇ ಇಟ್ಟುಕೊಳ್ಳಬೇಕು.

ಕ್ರೇಗ್‌ಲಾಕ್‌ಹಾರ್ಟ್ ಆರಂಭವಾದಾಗ ಅಲ್ಲಿಗೆ ಬಂದ ವೈದ್ಯರಲ್ಲಿ ಡಬ್ಲ್ಯೂ.ಎಚ್.ಆರ್. ರಿವರ್ಸ್ ಮುಖ್ಯನಾದವನು. 1864ರಲ್ಲಿ ಹುಟ್ಟಿದ ಈತ ವೈದ್ಯನಾಗಿ ತರಬೇತಾದರೂ ಹೆಸರು ಮಾಡಿದ್ದು ಮಾನವಶಾಸ್ತ್ರದಲ್ಲಿ. 1898ರಲ್ಲಿ ಮೈಯರ್ಸ್ ಮೊದಲಾದವರ ಜೊತೆ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋಗಿ, ಅಲ್ಲಿಯ ಜನರ ವಂಶಾವಳಿಗಳನ್ನು ಒಬ್ಬೊಬ್ಬರಿಂದಲೂ ಕೇಳಿ ಬರೆದುಕೊಂಡು ಸಮಾಜದ ಕಟ್ಟನ್ನು ಅರಿಯುವ ವಿಧಾನವೊಂದನ್ನು ರೂಪಿಸಿದ. ಅದೇ ವಿಧಾನವನ್ನು ಹಿಡಿದು 1901–02ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಕೆಲಸ ಮಾಡಿ, 1906ರಲ್ಲಿ ‘ದಿ ಟೋಡಾಸ್’ ಎಂಬ ಬೃಹತ್ ಗ್ರಂಥವನ್ನು ಪ್ರಕಟಿಸಿದ. ಕನ್ನಡಕ್ಕೆ ತೀರಾ ಹತ್ತಿರದ ನುಡಿಯಾಡುವ ಬಡಗರ ನೆರೆಯಲ್ಲೇ, ಎಮ್ಮೆಯ ಹಾಲುಮನೆಗಳನ್ನು ಗುಡಿಗಳಂತೆ ಕಾಣುವ ತೋಡರ ಮಡಿ ಮತ್ತು ವಿಧಿಗಳನ್ನು ದುಭಾಷಿಗಳ ಮೂಲಕ ಗಂಟೆಗಟ್ಟಲೆ ಕೇಳಿ, ಒಬ್ಬನ ಮಾತನ್ನು ಇನ್ನೊಬ್ಬನ ಮಾತಿಗೆ ಹೋಲಿಸಿ, ವಿರೋಧ ಕಂಡಲ್ಲಿ ಮತ್ತೆ ಕೇಳಿದ ಆ ಶಿಸ್ತು ಹದಿನೈದು ವರ್ಷಗಳ ನಂತರ ಎಡಿನ್‌ಬರೊದ ಆಸ್ಪತ್ರೆಯ ಕೋಣೆಯಲ್ಲಿ ಕೆಲಸಕ್ಕೆ ಬಂದಿತೆಂದರೆ ಅತಿಶಯೋಕ್ತಿಯಾಗದು. ಸ್ವತಃ ಉಗ್ಗುವ ಸ್ವಭಾವವಿದ್ದ ರಿವರ್ಸ್, ಯುದ್ಧದಿಂದ ಮಾತು ತೊದಲಿದವರ ಎದುರು ಕುಳಿತುಕೊಳ್ಳುತ್ತಿದ್ದ ಎಂಬುದೂ ಗಮನಿಸತಕ್ಕ ಸಂಗತಿ.

ಆ ಕಾಲದ ಬಹುತೇಕ ವೈದ್ಯರು ರೋಗಿಗೆ ನೀಡುತ್ತಿದ್ದ ಸಲಹೆ ಒಂದೇ: ಕಂಡದ್ದನ್ನು ಮರೆತುಬಿಡಿ, ಬೇರೆ ಏನಾದರೂ ಯೋಚಿಸಿ. ರಿವರ್ಸ್ ಇದನ್ನೇ ರೋಗದ ಪೋಷಣೆಯೆಂದು ತಿಳಿದ. 1917ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ನೀಡಿದ, ಮರುವರ್ಷ ‘ದಿ ಲ್ಯಾನ್ಸೆಟ್’ನಲ್ಲಿ ಅಚ್ಚಾದ ಉಪನ್ಯಾಸದಲ್ಲಿ, ಯುದ್ಧದ ಅನುಭವವನ್ನು ಪ್ರಯತ್ನಪೂರ್ವಕವಾಗಿ ಅದುಮಿಡುವ ಕ್ರಿಯೆಯನ್ನು ದಮನ ಎಂದು ಹೆಸರಿಸಿ, ಹಗಲು ಅದುಮಿಟ್ಟದ್ದೇ ರಾತ್ರಿ ದುಃಸ್ವಪ್ನವಾಗಿ ಎದ್ದು ಬರುತ್ತದೆ ಎಂದು ವಾದಿಸಿದ. ಫ್ರಾಯ್ಡ್‌ನ ಸುಪ್ತಮನಸ್ಸಿನ ಕಲ್ಪನೆಯನ್ನು ಒಪ್ಪಿಕೊಂಡರೂ, ಎಲ್ಲದಕ್ಕೂ ಕಾಮವೇ ಮೂಲವೆಂಬ ಮಾತನ್ನು ಕೈಬಿಟ್ಟು, ಕಂದಕದಲ್ಲಿ ಕೆಲಸ ಮಾಡುವುದು ಜೀವ ಉಳಿಸಿಕೊಳ್ಳುವ ಸಹಜಪ್ರವೃತ್ತಿ ಮತ್ತು ಕರ್ತವ್ಯಗಳ ನಡುವಿನ ತಿಕ್ಕಾಟ ಎಂದು ತಿದ್ದಿದ.

ಆ ಉಪನ್ಯಾಸದ ಒಂದು ಪ್ರಕರಣ ಅವನ ವಿಧಾನವನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಒಬ್ಬ ಯುವ ಅಧಿಕಾರಿ ತನ್ನ ಸ್ನೇಹಿತನನ್ನು ಹುಡುಕಿಕೊಂಡು ಹೋಗಿ, ರುಂಡ ಮತ್ತು ಕೈಕಾಲುಗಳು ಮುಂಡದಿಂದ ಬೇರೆಯಾಗಿ ಬಿದ್ದ ದೇಹವನ್ನು ಕಂಡಿದ್ದ. ಅಂದಿನಿಂದ ಕನಸಿನಲ್ಲಿ ಆ ಸ್ನೇಹಿತ ಕೆಲವೊಮ್ಮೆ ಕಂಡ ಸ್ಥಿತಿಯಲ್ಲೇ, ಕೆಲವೊಮ್ಮೆ ಕುಷ್ಠರೋಗಿಯ ರೂಪದಲ್ಲಿ, ಹತ್ತಿರ ಹತ್ತಿರ ಬರುತ್ತಿದ್ದ. ಅಧಿಕಾರಿ ಬೆವೆತು ಚೀರಿ ಏಳುತ್ತಿದ್ದ, ಹಗಲೆಲ್ಲ ಅದನ್ನು ನೆನೆಯದಿರಲು ಹೆಣಗಿ ರಾತ್ರಿಗೆ ಹೆದರಿ ಕೂರುತ್ತಿದ್ದ. ರಿವರ್ಸ್ ಆ ದೃಶ್ಯವನ್ನು ಮರೆಸಲು ಹೋಗಲಿಲ್ಲ. ದೇಹ ಆ ಪರಿಯಲ್ಲಿ ಛಿದ್ರವಾಗಿದ್ದರೆ ಸಾವು ಕ್ಷಣಮಾತ್ರದಲ್ಲಿ ಬಂದಿರಬೇಕು, ನಿಮ್ಮ ಸ್ನೇಹಿತ ನರಳಲಿಲ್ಲ ಎಂಬುದನ್ನು ಮಾತ್ರ ತೋರಿಸಿಕೊಟ್ಟು, ನೆನೆಯುವಾಗ ಇದನ್ನೂ ಸೇರಿಸಿ ನೆನೆಯಿರಿ ಎಂದ. ಕೆಲವು ರಾತ್ರಿಗಳು ಕನಸೇ ಬೀಳಲಿಲ್ಲ. ಬಿದ್ದಾಗ, ಅಧಿಕಾರಿಯು ಕನಸಿನಲ್ಲಿ ಸ್ನೇಹಿತನ ದೇಹದ ಪಕ್ಕ ಮಂಡಿಯೂರಿ ಅವನ ಮನೆಯವರಿಗೆ ಕಳಿಸಲು ವಸ್ತುಗಳನ್ನು ಎತ್ತಿಕೊಂಡ, ಎಚ್ಚರವಾದಾಗ ಭೀತಿ ಹೋಗಿ ದುಃಖ ಉಳಿದಿತ್ತು. ಭೀತಿಯನ್ನು ದುಃಖವನ್ನಾಗಿಸುವುದಷ್ಟೇ ಈ ವೈದ್ಯನಿಗೆ ಸಾಧ್ಯವಿದ್ದದ್ದು, ಮತ್ತು ಅಷ್ಟು ಸಾಕಾಗಿತ್ತು.

ಅದೇ ಉಪನ್ಯಾಸದಲ್ಲಿ ಅವನು ತನ್ನ ವಿಧಾನ ಸೋತ ಪ್ರಕರಣವನ್ನೂ ಇಟ್ಟಿದ್ದಾನೆ, ಮತ್ತು ಅವನ ಮೇಲೆ ವಿಶ್ವಾಸ ಹುಟ್ಟುವುದು ಬಹುಶಃ ಅದರಿಂದಲೇ. ಸ್ಫೋಟದ ಹೊಡೆತಕ್ಕೆ ಎಸೆಯಲ್ಪಟ್ಟ ಅಧಿಕಾರಿಯೊಬ್ಬ, ಹಲವು ದಿನಗಳ ಹಿಂದೆ ಸತ್ತು ಊದಿಕೊಂಡಿದ್ದ ಜರ್ಮನ್ ಸೈನಿಕನ ಹೊಟ್ಟೆಯ ಮೇಲೆ ಮುಖವಡಿಯಾಗಿ ಬಿದ್ದು, ಬಾಯಿ ತುಂಬಿದ್ದು ಏನೆಂಬ ಅರಿವಿನೊಂದಿಗೆ ಪ್ರಜ್ಞೆ ತಪ್ಪಿದ್ದ. ಬಳಿಕ ಆ ರುಚಿ, ಆ ವಾಸನೆ ಅವನನ್ನು ಬಿಡಲೇ ಇಲ್ಲ. ಈ ನೆನಪಿನೊಡನೆ ಬಾಳಲು ಆಧಾರವಾಗುವ ಒಂದೇ ಒಂದು ಅಂಶವೂ ಅದರಲ್ಲಿ ತನಗೆ ಕಾಣಲಿಲ್ಲವೆಂದು ರಿವರ್ಸ್ ಒಪ್ಪಿಕೊಂಡು, ಸೇನೆ ತೊರೆದು ಹಳ್ಳಿಗಾಡಿಗೆ ಹೋಗುವಂತೆ ಅವನಿಗೆ ಸೂಚಿಸಿದ. ಮಾತಾಡಿದರೆ ಮನಸ್ಸು ಹಗುರಾಗುತ್ತದೆಂಬುದನ್ನು ಇಂದು ಸರ್ವರೋಗ ನಿವಾರಕ ಮದ್ದೆಂದು ಹಂಚುವವರು, ಆ ಮಾತಿನ ಆದ್ಯ ಪ್ರತಿಪಾದಕರಲ್ಲೊಬ್ಬನು ಅದಕ್ಕೆ ಎಳೆದ ಈ ಗೆರೆಯನ್ನು ಸಾಮಾನ್ಯವಾಗಿ ಉಲ್ಲೇಖಿಸುವುದಿಲ್ಲ.

ರಿವರ್ಸ್‌ಗೆ ಸಿಪಾಯಿಗಳ ಪರಿಚಯವೂ ಇತ್ತು. ಕ್ರೇಗ್‌ಲಾಕ್‌ಹಾರ್ಟ್‌ಗೆ ಬರುವ ಮುನ್ನ ಅವನು ಲಿವರ್‌ಪೂಲ್ ಸಮೀಪದ ಮ್ಯಾಗಲ್ ಸೈನಿಕ ಆಸ್ಪತ್ರೆಯಲ್ಲಿ ದುಡಿದಿದ್ದ. ಸಿಪಾಯಿಗಳಲ್ಲಿ ಮೂಕತನ, ಪಾರ್ಶ್ವವಾಯು, ಕುರುಡುತನಗಳಂಥ ದೇಹದ ಲಕ್ಷಣಗಳು ಹೆಚ್ಚು, ಅಧಿಕಾರಿಗಳಲ್ಲಿ ದುಃಸ್ವಪ್ನ, ಆತಂಕ, ತೊದಲು ಹೆಚ್ಚು ಎಂದು ಗುರುತಿಸಿದ ಅವನು, ಭಯವನ್ನು ತೋರಿಸಬಾರದೆಂದು ಎಳವೆಯಿಂದ ಶಾಲೆಯಲ್ಲಿ ಕಲಿತ ಅಧಿಕಾರಿ ತನ್ನೊಳಗೆ ಸೆಣಸುತ್ತಾನೆ, ಆಜ್ಞೆ ಪಾಲಿಸುವುದಷ್ಟೇ ಗೊತ್ತಿರುವ ಸಿಪಾಯಿಯ ದೇಹ ನೇರವಾಗಿ ಕೆಲಸ ನಿಲ್ಲಿಸುತ್ತದೆ ಎಂದು ವಿವರಿಸಿದ. ಈ ವಿವರಣೆಯಲ್ಲಿ ಅವನ ವರ್ಗದ ಗರ್ವದ ಸೋಂಕಿಲ್ಲ ಎನ್ನಲಾಗದು. ಒಬ್ಬನಿಗೆ ವೈದ್ಯನ ಎದುರು ಗಂಟೆಗಟ್ಟಲೆ ಕನಸು ಹೇಳುವ ಅವಕಾಶವಿದ್ದು, ಇನ್ನೊಬ್ಬನಿಗೆ ಮೇಲಧಿಕಾರಿಯ ಮುಂದೆ ಬಾಯಿ ತೆರೆದರೆ ಶಿಕ್ಷೆಯಿರುವಲ್ಲಿ, ಎರಡನೆಯವನ ನೋವು ಮೂಕತನವಾಗಿ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಆ ಮೂಕತನಕ್ಕೆ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ದೊರೆತ ಚಿಕಿತ್ಸೆ ಬೇರೆಯೇ ಬಗೆಯದು. ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯ 1918ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಮಾತು ನಿಂತ ಸಿಪಾಯಿಯೊಬ್ಬನನ್ನು ಕತ್ತಲ ಕೋಣೆಗೆ ಕರೆದೊಯ್ದು, ಬಾಗಿಲಿಗೆ ಬೀಗ ಹಾಕಿ, ಗಂಟಲಿಗೆ ವಿದ್ಯುತ್ ಹಾಯಿಸಿ, ಮಾತಾಡುವವರೆಗೆ ಹೊರಗೆ ಬಿಡುವುದಿಲ್ಲವೆಂದು ಹೇಳಿ, ನಾಲ್ಕು ಗಂಟೆಗಳ ನಂತರ ಗೆದ್ದದ್ದನ್ನು ಯಾವ ಸಂಕೋಚವೂ ಇಲ್ಲದೆ ವರ್ಣಿಸಿದ್ದಾನೆ. ಮಾತು ಮರಳಿದ್ದು ನಿಜ. ಆದರೆ ಆ ಸಿಪಾಯಿಗೆ ಹೇಳಬೇಕಾದ್ದು ಏನಿತ್ತೆಂದು ಪುಸ್ತಕದಲ್ಲೆಲ್ಲೂ ಕೇಳಿಲ್ಲ; ಓದುಗನಿಗೆ ಸಿಗುವುದು ವೈದ್ಯನ ದನಿ ಮಾತ್ರ. ಆಸ್ಪತ್ರೆಯನ್ನೂ ಕಾಣದವರ ಪಾಡು ಇನ್ನೂ ಕೆಳಗಿನದು. ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಸಿಪಾಯಿ ಹ್ಯಾರಿ ಫಾರ್ 1915ರಲ್ಲಿ ಷೆಲ್ ಶಾಕ್‌ಗಾಗಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದು, ಮತ್ತೆ ಮುಂಚೂಣಿಗೆ ಕಳಿಸಲ್ಪಟ್ಟು, 1916ರ ಸೆಪ್ಟೆಂಬರ್‌ನಲ್ಲಿ ಇನ್ನು ಮುಂದೆ ಹೆಜ್ಜೆಯಿಡಲಾರೆ ಎಂದ. ಹೇಡಿತನದ ಆರೋಪದ ಮೇಲೆ ನಡೆದ ಸೇನಾ ವಿಚಾರಣೆಯಲ್ಲಿ ಅವನ ಪರ ವಾದಿಸಲು ಯಾರೂ ಇರಲಿಲ್ಲ. ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳಿಗಾಗಿ ಬಾಗಿಲು ತೆರೆದ ಅದೇ ಅಕ್ಟೋಬರ್ ತಿಂಗಳಲ್ಲಿ ಅವನನ್ನು ಗುಂಡಿಟ್ಟು ಕೊಲ್ಲಲಾಯಿತು.

ಸಸೂನ್‌ನ ಪ್ರಕರಣ ಇದರ ತದ್ವಿರುದ್ಧ. ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಪಡೆದಿದ್ದ ಈ ಶ್ರೀಮಂತ ಮನೆತನದ ಅಧಿಕಾರಿ 1917ರ ಬೇಸಗೆಯಲ್ಲಿ, ಯುದ್ಧವನ್ನು ನಿಲ್ಲಿಸಬಲ್ಲವರೇ ಬೇಕೆಂದು ಬೆಳೆಸುತ್ತಿದ್ದಾರೆ ಎಂದು ಆಪಾದಿಸಿ, ಮತ್ತೆ ಸೇವೆಗೆ ಹೋಗಲು ನಿರಾಕರಿಸುವ ಬಹಿರಂಗ ಹೇಳಿಕೆ ಹೊರಡಿಸಿದ. ಜುಲೈ 30ರಂದು ಅದನ್ನು ಬ್ರಿಟಿಷ್ ಸಂಸತ್ತಿನಲ್ಲಿ ಓದಲಾಯಿತು. ಸೇನಾ ವಿಚಾರಣೆಯಾಗಿದ್ದರೆ ಸರ್ಕಾರಕ್ಕೆ ಮುಜುಗರವಾಗುತ್ತಿತ್ತು. ಕವಿ ರಾಬರ್ಟ್ ಗ್ರೇವ್ಸ್ ಮಧ್ಯೆ ಪ್ರವೇಶಿಸಿ, ಸ್ನೇಹಿತನ ನರಗಳು ಹದಗೆಟ್ಟಿವೆಯೆಂದು ವೈದ್ಯಮಂಡಳಿಯನ್ನು ಒಪ್ಪಿಸಿದ. ಸಸೂನ್ ಅದೇ ತಿಂಗಳು ಕ್ರೇಗ್‌ಲಾಕ್‌ಹಾರ್ಟ್ ಸೇರಿದ. ರೋಗವೆಂಬ ತೀರ್ಮಾನ ಇಲ್ಲಿ ರಾಜಕೀಯ ಪ್ರತಿಭಟನೆಯೊಂದನ್ನು ಮುಚ್ಚಿಹಾಕುವ ಉಪಾಯವಾಯಿತು. ಅವನಲ್ಲಿ ನಿಜವಾದ ರೋಗ ಅಷ್ಟಾಗಿ ಇಲ್ಲವೆಂದು ರಿವರ್ಸ್‌ಗೂ ಗೊತ್ತಿತ್ತು, ಆದರೂ ಅವನನ್ನು ಯುದ್ಧಕ್ಕೆ ಮರಳುವಂತೆ ಒಪ್ಪಿಸುವುದು ಆ ವೈದ್ಯನ ಪಾಲಿನ ಕೆಲಸವಾಗಿತ್ತು.

ಓವೆನ್ ಅಲ್ಲಿಗೆ ಒಂದು ತಿಂಗಳು ಮೊದಲೇ, ಜೂನ್ ಕೊನೆಯಲ್ಲಿ ಬಂದಿದ್ದ. ಏಪ್ರಿಲ್‌ನಲ್ಲಿ ಷೆಲ್ಲಿನ ಹೊಡೆತಕ್ಕೆ ಗಾಳಿಗೆಸೆಯಲ್ಪಟ್ಟು, ಸಹ ಅಧಿಕಾರಿಯೊಬ್ಬನ ಅವಶೇಷಗಳ ಸಮೀಪದಲ್ಲೇ ದಿನಗಟ್ಟಲೆ ಕಂದರದಲ್ಲಿ ಅಡಗಿದ್ದ ಅವನು, ನಂತರ ನಡುಕ ಮತ್ತು ತೊದಲಿನಿಂದ ಬಳಲಿದ. ಅವನನ್ನು ನೋಡಿಕೊಂಡದ್ದು ರಿವರ್ಸ್ ಅಲ್ಲ, ಆರ್ಥರ್ ಬ್ರಾಕ್ ಎಂಬ ಇನ್ನೊಬ್ಬ ವೈದ್ಯ. ಮನುಷ್ಯನಿಗೂ ಅವನ ಪರಿಸರಕ್ಕೂ ಕಡಿದುಹೋದ ನಂಟನ್ನು ಕೆಲಸದ ಮೂಲಕ ಮತ್ತೆ ಕಟ್ಟಬೇಕೆಂಬುದು ಬ್ರಾಕ್‌ನ ಸಿದ್ಧಾಂತ. ನೆಲ ತಾಕಿದಾಗಲೆಲ್ಲ ಬಲ ಮರಳಿ ಪಡೆಯುವ ಗ್ರೀಕ್ ಪುರಾಣದ ಆಂಟಿಯಸ್ ಅವನ ಆದರ್ಶ. ಅದರಂತೆ ಓವೆನ್ ಊರಿನ ಶಾಲೆಯಲ್ಲಿ ಪಾಠ ಹೇಳಿದ, ನಾಟಕದಲ್ಲಿ ನಟಿಸಿದ, ‘ದಿ ಹೈಡ್ರಾ’ ಎಂಬ ಆಸ್ಪತ್ರೆಯ ಪತ್ರಿಕೆಯ ಸಂಪಾದಕನಾದ. ಆಗಸ್ಟ್‌ನಲ್ಲಿ ಅವನು ಸಸೂನ್‌ನ ಪರಿಚಯ ಮಾಡಿಕೊಂಡ ಮೇಲೆ ನಡೆದದ್ದು ಸಾಹಿತ್ಯ ಚರಿತ್ರೆಗೆ ಸೇರಿದ ಸಂಗತಿ: ‘ಆಂಥೆಮ್ ಫಾರ್ ಡೂಮ್ಡ್ ಯೂತ್’ ಪದ್ಯದ ಕರಡಿನ ಮೇಲೆ ಸಸೂನ್‌ನ ಕೈಬರಹದ ತಿದ್ದುಪಡಿಗಳಿವೆ, ವಿಷಾನಿಲ ದಾಳಿಯನ್ನು ಕುರಿತ ‘ಡುಲ್ಸೆ ಎಟ್ ಡೆಕೋರಮ್ ಎಸ್ಟ್’ ಪದ್ಯದ ಮೊದಲ ಕರಡೂ ಅಲ್ಲೇ ಆಯಿತು. ಎರಡನೆಯ ಪದ್ಯದ ನಡುವೆ, ಅನಿಲದಲ್ಲಿ ಉಸಿರುಗಟ್ಟುವ ಸೈನಿಕನ ದೃಶ್ಯವು ಭೂತಕಾಲದ ವರದಿಯಿಂದ ಹಠಾತ್ತನೆ ಕವಿಯ ಪ್ರತಿರಾತ್ರಿಯ ಕನಸಿಗೆ ಜಾರುತ್ತದೆ. ಬೇರೆ ವೈದ್ಯರು ಮರೆಯಿರಿ ಎನ್ನುತ್ತಿದ್ದ ದೃಶ್ಯವನ್ನು ಛಂದಸ್ಸಿನ ಹತೋಟಿಗೆ ತರುವ ಈ ಕೆಲಸದಲ್ಲಿ, ಬ್ರಾಕ್‌ನ ದುಡಿಮೆಯ ಚಿಕಿತ್ಸೆಯೂ ಸಸೂನ್‌ನ ಕೋಪವೂ ಒಂದಾಗಿ ಸೇರಿವೆ.

ಚಿಕಿತ್ಸೆ ಯಶಸ್ವಿಯಾದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಸಸೂನ್ ನವೆಂಬರ್‌ನಲ್ಲಿ ವೈದ್ಯಮಂಡಳಿಯ ಮುಂದೆ ಸೇವೆಗೆ ಒಪ್ಪಿ ಹೊರಟ, ಮರುವರ್ಷ ಫ್ರಾನ್ಸಿನಲ್ಲಿ ತಲೆಗೆ ಗುಂಡು ತಗುಲಿಯೂ ಬದುಕಿದ. ಓವೆನ್ 1918ರಲ್ಲಿ ಮತ್ತೆ ಫ್ರಾನ್ಸಿಗೆ ಹೋಗಿ, ನವೆಂಬರ್ 4ರಂದು ಸಾಂಬ್ರ್–ವಾಜ್ ಕಾಲುವೆಯನ್ನು ದಾಟುವ ಕದನದಲ್ಲಿ ಸತ್ತ. ತಂತಿ ಅವನ ಮನೆ ತಲುಪಿದ್ದು ಯುದ್ಧವಿರಾಮದ ದಿನ. ರಿವರ್ಸ್ ಈ ಇಕ್ಕಟ್ಟನ್ನು ತನ್ನಿಂದಲೇ ಮರೆಮಾಚಲಿಲ್ಲ. 1922ರಲ್ಲಿ ಅವನು ತೀರಿಕೊಂಡ ನಂತರ ಪ್ರಕಟವಾದ ‘ಕಾನ್‌ಫ್ಲಿಕ್ಟ್ ಅಂಡ್ ಡ್ರೀಮ್’ ಪುಸ್ತಕದಲ್ಲಿ ಅವನು ತನ್ನ ಸ್ವಂತ ಕನಸೊಂದನ್ನೇ ಬಿಡಿಸಿ, ಯುದ್ಧವಿರೋಧಿ ರೋಗಿಯ ವಾದವು ವೈದ್ಯನನ್ನೇ ಗೆದ್ದುಬಿಟ್ಟರೆ ಸಮವಸ್ತ್ರದಲ್ಲಿರುವ ಆ ವೈದ್ಯನ ಗತಿಯೇನು ಎಂಬ ಆತಂಕವನ್ನು ಅದರಲ್ಲಿ ಗುರುತಿಸಿದ್ದಾನೆ.

ಯುದ್ಧಕಾವ್ಯವೆಲ್ಲ ಅಧಿಕಾರಿಗಳದ್ದೇ ಎನ್ನುವುದು ತಪ್ಪಾಗುತ್ತದೆ. ಐಸಾಕ್ ರೋಸೆನ್‌ಬರ್ಗ್ ಸಿಪಾಯಿಯಾಗಿಯೇ 1918ರ ಏಪ್ರಿಲ್‌ನಲ್ಲಿ ಸತ್ತ. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಸಿಪಾಯಿ, ಕವಿ ಹಾಗೂ ಸಂಗೀತಕಾರ ಐವರ್ ಗರ್ನಿ 1922ರಿಂದ 1937ರಲ್ಲಿ ಸಾಯುವವರೆಗೆ ಹುಚ್ಚಾಸ್ಪತ್ರೆಗಳಲ್ಲಿದ್ದುಕೊಂಡೇ ಯುದ್ಧದ ಬಗ್ಗೆ ಬರೆಯುತ್ತ ಹೋದ. ಯುದ್ಧಕ್ಕೆ ಮೊದಲೇ ಅವನ ಮನಸ್ಸು ಒಮ್ಮೆ ಮುರಿದಿದ್ದುದರಿಂದ ಎಲ್ಲವನ್ನೂ ಕಂದಕದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೂ ಓವೆನ್‌ನ ಕವಿತೆಗಳನ್ನು ಸಸೂನ್‌ನ ಹೆಸರು ಹೊತ್ತ ಸಂಪುಟವು 1920ರಲ್ಲೇ ಓದುಗರಿಗೆ ತಲುಪಿಸಿದರೆ, ಗರ್ನಿಯ ಆಸ್ಪತ್ರೆಯ ಕಾಲದ ಬರಹ ಬಹುಕಾಲ ಹಸ್ತಪ್ರತಿಗಳಲ್ಲೇ ಉಳಿಯಿತು ಎಂಬುದು ಕಾಕತಾಳೀಯವಲ್ಲ. ಗದ್ಯದಲ್ಲಿ ವರ್ಜೀನಿಯಾ ವುಲ್ಫ್ ಮಾತ್ರ ಬೇರೆ ದಾರಿ ತುಳಿದಳು: 1925ರ ‘ಮಿಸೆಸ್ ಡಾಲೊವೇ’ ಕಾದಂಬರಿಯ ಸೆಪ್ಟಿಮಸ್ ಸ್ಮಿತ್ ಸಾಮಾನ್ಯ ಗುಮಾಸ್ತ, ಅವನನ್ನು ಸಾವಿಗೆ ದೂಡುವುದರಲ್ಲಿ ಯುದ್ಧದ ಪಾಲಿನಷ್ಟೇ ದೊಡ್ಡ ಪಾಲು, ಅವನ ಮಾತು ಕೇಳಿಸಿಕೊಳ್ಳದೆ ವಿಶ್ರಾಂತಿ ಮತ್ತು ಹದವನ್ನು ಬೋಧಿಸುವ ವೈದ್ಯರದ್ದು.

ಫ್ರಾನ್ಸಿನ ಮುಂಚೂಣಿಗೆ 1914ರ ಶರತ್ಕಾಲದಲ್ಲಿಯೇ ಬಂದಿಳಿದ ಭಾರತೀಯ ಸಿಪಾಯಿಗಳ ವಿಷಯದಲ್ಲಿ ಮೌನ ಇನ್ನೂ ಗಾಢವಾಗಿದೆ. ಅವರಲ್ಲಿ ಕೈಗೆ ಗಾಯವಾದವರ ಸಂಖ್ಯೆ ಹೆಚ್ಚಿದಾಗ, ಯುದ್ಧ ತಪ್ಪಿಸಿಕೊಳ್ಳಲು ತಾವೇ ಗುಂಡು ಹೊಡೆದುಕೊಳ್ಳುತ್ತಿದ್ದಾರೆಂಬ ಗುಮಾನಿ ಅಧಿಕಾರಿಗಳಲ್ಲಿ ಹುಟ್ಟಿತು. ಬ್ರೈಟನ್ನಿನ ಕಿಚ್ನರ್ ಭಾರತೀಯ ಆಸ್ಪತ್ರೆಯ ಕರ್ನಲ್ ಬ್ರೂಸ್ ಸೀಟನ್ 1915ರಲ್ಲಿ 1,000 ಗಾಯಗಳನ್ನು ಪರಿಶೀಲಿಸಿ ಆ ಗುಮಾನಿಗೆ ಆಧಾರವಿಲ್ಲವೆಂದು ವರದಿ ಮಾಡಿದ. ಗಾಯಗಳನ್ನು ಹೀಗೆ ಸಾವಿರದ ಲೆಕ್ಕದಲ್ಲಿ ಅಳೆದವರು ಮನಸ್ಸಿನ ಮಾತನ್ನು ಕೇಳಿದ್ದು ಅಂಚೆಯಲ್ಲಿ, ಅದೂ ಕದ್ದು. ಭಾರತೀಯ ಅಂಚೆಯ ಸೆನ್ಸಾರ್ ಕಚೇರಿ ಸಿಪಾಯಿಗಳ ಕಾಗದಗಳನ್ನು ತೆರೆದು, ಇಂಗ್ಲಿಷಿಗೆ ಅನುವಾದಿಸಿ, ಆಯ್ದ ಭಾಗಗಳನ್ನು ವರದಿಗೆ ಸೇರಿಸುತ್ತಿತ್ತು. ಓದುತ್ತಿದ್ದಾರೆಂದು ಸಿಪಾಯಿಗಳಿಗೂ ತಿಳಿದಿತ್ತು. ಆದ್ದರಿಂದ ಕರಿಮೆಣಸು ಮುಗಿಯುತ್ತ ಬಂದಿದೆ, ಕೆಂಪು ಮೆಣಸು ಇನ್ನೂ ಉಳಿದಿದೆ ಎಂಬಂಥ ಸಂಕೇತಗಳಲ್ಲಿ ಕರಿಯರು ಸಾಯುತ್ತಿರುವುದನ್ನೂ ಬಿಳಿಯರನ್ನು ಉಳಿಸಿಕೊಳ್ಳುತ್ತಿರುವುದನ್ನೂ ಊರಿಗೆ ತಿಳಿಸಿದರು. ಭಾರತದ ಸಾಹಿತ್ಯದಲ್ಲಿ ಇದಕ್ಕೆ ಸಿಕ್ಕ ಮೊದಲ ಗಟ್ಟಿ ರೂಪ ಚಂದ್ರಧರ ಶರ್ಮಾ ಗುಲೇರಿಯವರ ‘ಉಸ್‌ನೆ ಕಹಾ ಥಾ’ ಎಂಬ 1915ರ ಹಿಂದಿ ಕಥೆ. ಫ್ರಾನ್ಸಿನ ಕಂದಕದಲ್ಲಿ ಗಾಯಗೊಂಡು ಸಾಯುತ್ತಿರುವ ಲೆಹನಾ ಸಿಂಗ್‌ನ ಮನಸ್ಸು ಅಮೃತಸರದ ಬಾಲ್ಯಕ್ಕೆ ಹಿಂದುಮುಂದಾಗಿ ಓಡುವ ಆ ಕಥೆಯ ಕೊನೆಯ ಭಾಗದಲ್ಲಿ ಕಾಲವು ತುಂಡು ತುಂಡಾಗಿದೆ. ವುಲ್ಫ್‌ಳ ಕಾದಂಬರಿಗಿಂತ ಹತ್ತು ವರ್ಷ ಮೊದಲಿನದು ಅದು.

ಯುದ್ಧಾನಂತರ ಲಾರ್ಡ್ ಸೌತ್‌ಬರೊ ಅಧ್ಯಕ್ಷತೆಯ ಸಮಿತಿ 1922ರ ತನ್ನ ವರದಿಯಲ್ಲಿ ಷೆಲ್ ಶಾಕ್ ಎಂಬ ಪದವನ್ನೇ ಬಳಕೆಯಿಂದ ತೆಗೆಯಬೇಕೆಂದಿತು, ಒಳ್ಳೆಯ ತರಬೇತಿ ಮತ್ತು ಶಿಸ್ತುಗಳೇ ಇದಕ್ಕೆ ಮದ್ದೆಂದು ಬಗೆಯಿತು. ಅಮೆರಿಕದ ಎಬ್ರಮ್ ಕಾರ್ಡಿನರ್ 1941ರಲ್ಲಿ ಮಾಜಿ ಸೈನಿಕರ ಅನುಭವದ ಮೇಲೆ ಗ್ರಂಥ ಬರೆದರೂ, ವಿಯೆಟ್ನಾಂ ಯುದ್ಧದಿಂದ ಮರಳಿದವರು ಒತ್ತಾಯಿಸಿದ ನಂತರವಷ್ಟೇ, 1980ರಲ್ಲಿ, ಆಘಾತೋತ್ತರ ಒತ್ತಡದ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಸ್ಥಾನ ಪಡೆಯಿತು. 1990ರ ದಶಕದಲ್ಲಿ ಪ್ಯಾಟ್ ಬಾರ್ಕರ್ ಬರೆದ ‘ರೀಜನರೇಷನ್’ ಮೊದಲಾದ ಮೂರು ಕಾದಂಬರಿಗಳು ಕ್ರೇಗ್‌ಲಾಕ್‌ಹಾರ್ಟ್ ಅನ್ನು ಹೊಸ ಓದುಗರಿಗೆ ಪರಿಚಯಿಸಿದವು. ಅವಳು ರಿವರ್ಸ್‌ನನ್ನು ಯೆಲ್ಯಾಂಡ್‌ನ ಕೋಣೆಯಲ್ಲಿ ಸಾಕ್ಷಿಯಾಗಿ ಕೂರಿಸುವುದು ಮತ್ತು ಬಿಲ್ಲಿ ಪ್ರಯರ್ ಎಂಬ ಕಾರ್ಮಿಕ ಮೂಲದ ಕಾಲ್ಪನಿಕ ಅಧಿಕಾರಿಯನ್ನು, ಸಿಪಾಯಿಗಳಿಗೆ ತಕ್ಕದ್ದೆನಿಸಿದ್ದ ಮೂಕತನದೊಂದಿಗೆ, ಆ ಆಸ್ಪತ್ರೆಯೊಳಕ್ಕೆ ಕರೆತರುವುದು ಹಳೆಯ ದಾಖಲೆಯ ಖಾಲಿ ಜಾಗ ಎಲ್ಲಿದೆಯೆಂದು ಅವಳು ಸರಿಯಾಗಿ ಗುರುತಿಸಿದ್ದಳೆಂಬುದಕ್ಕೆ ಪುರಾವೆ.

ಹ್ಯಾರಿ ಫಾರ್ ಕುಟುಂಬದವರು ನ್ಯಾಯಾಲಯದ ಮೆಟ್ಟಿಲೇರಿದ ನಂತರ, ಬ್ರಿಟಿಷ್ ಸಂಸತ್ತು 2006ರ ಸಶಸ್ತ್ರಪಡೆಗಳ ಕಾಯ್ದೆಯ ಮೂಲಕ ಹೇಡಿತನ ಮೊದಲಾದ ಅಪರಾಧಗಳಿಗಾಗಿ ಮರಣದಂಡನೆಗೆ ಒಳಗಾಗಿದ್ದ, ಅವನೂ ಸೇರಿದಂತೆ 306 ಮಂದಿಗೆ ಮರಣೋತ್ತರ ಕ್ಷಮೆ ನೀಡಿತು. ಈ ಕ್ಷಮೆಯಿಂದ ಅಪರಾಧ ನಿರ್ಣಯವಾಗಲಿ ಶಿಕ್ಷೆಯಾಗಲಿ ರದ್ದಾಗುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ. 1911ರ ಭಾರತೀಯ ಸೇನಾ ಕಾಯ್ದೆಯಡಿ ಇಂಥ ಅಪರಾಧಗಳಿಗಾಗಿ ಮರಣದಂಡನೆಗೆ ಒಳಗಾದವರಿಗೂ ಅದು ಅನ್ವಯಿಸುತ್ತದೆ. ಓವೆನ್ ಮತ್ತು ಸಸೂನ್‌ರ ಸಂಗ್ರಹವನ್ನು ಕ್ರೇಗ್‌ಲಾಕ್‌ಹಾರ್ಟ್‌ನ ಹಳೆಯ ಕಟ್ಟಡದಲ್ಲಿ ಎಡಿನ್‌ಬರೊ ನೇಪಿಯರ್ ವಿಶ್ವವಿದ್ಯಾಲಯ ಕಾಪಾಡಿಕೊಂಡಿದೆ. ಭಾರತೀಯ ಸಿಪಾಯಿಗಳು ಬರೆದದ್ದನ್ನು ಓದಬೇಕೆಂದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿರುವ ಸೆನ್ಸಾರ್ ವರದಿಗಳನ್ನು, ಸೆನ್ಸಾರ್ ಮಾಡಿದವರ ಇಂಗ್ಲಿಷಿನಲ್ಲಿ ಓದಬೇಕು.